ಎರಡು ವರ್ಷ ತುಂಬಿದರೂ ಬಾಯಿ ಬಿಡದ ಹುಡುಗ: ಒಂದು ಪ್ರಕರಣ

ಹುಡುಗನಿಗೆ ಆಗ 25 ತಿಂಗಳು. ಮನೆ ಹಾಸನದ ಕಡೆ. ಅಪ್ಪ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತರು, ಮನೆಮಾತು ಕನ್ನಡ. ಅಮ್ಮ ಪುತ್ತೂರಿನವರು, ತವರಿನ ಮಾತು ತುಳು. ಜೊತೆಗೆ ಅಪ್ಪನ ಅಮ್ಮ, ಅಂದರೆ ಅಜ್ಜಿ. ಕಡತದ ಮೊದಲ ಪುಟದಲ್ಲಿ ‘ದೂರು’ ಎಂಬ ಜಾಗದಲ್ಲಿ ಅಜ್ಜಿಯ ಮಾತನ್ನೇ ಬರೆದುಕೊಂಡಿದ್ದೇನೆ: “ಎರಡು ವರ್ಷ ತುಂಬ್ತು ಮೇಡಂ, ಇನ್ನೂ ಬಾಯಿ ಬಿಟ್ಟಿಲ್ಲ.”

ನಾನು ವಾಕ್-ಶ್ರವಣ ತಜ್ಞೆ. ಗುರುತು ಸಿಗಬಾರದೆಂದು ಈ ಮನೆಯವರ ಊರು, ಉದ್ಯೋಗ ಬದಲಿಸಿದ್ದೇನೆ. ಇಂಥದ್ದೇ ಬೇರೆ ಮನೆಗಳ ಒಂದೆರಡು ಸಂಗತಿಗಳೂ ಇದರೊಳಗೆ ಸೇರಿಕೊಂಡಿವೆ. ಪ್ರಕರಣದಲ್ಲಿ ಅಪರೂಪದ್ದೇನೂ ಇಲ್ಲ. ಎರಡು ವರ್ಷದ ನೂರು ಮಕ್ಕಳಲ್ಲಿ ಸುಮಾರು 10ರಿಂದ 15 ಮಕ್ಕಳು ಮಾತಿನಲ್ಲಿ ಹಿಂದಿರುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆಗೆ ಸೇರುವ ಹೊತ್ತಿಗೆ ಓರಗೆಯವರ ಜೊತೆ ಸೇರಿಕೊಳ್ಳುತ್ತಾರೆ. ಹಾಗಾಗಿ “ಸ್ವಲ್ಪ ಕಾಯಿರಿ” ಅನ್ನುವ ಹಿರಿಯರ ಮಾತು ಬಹಳ ಸಲ ಸರಿಯಾಗಿಯೇ ಇರುತ್ತದೆ. ನನ್ನ ತಕರಾರು ಕಾಯುವುದರ ಮೇಲಲ್ಲ, ಏನನ್ನೂ ನೋಡದೆ ಕಾಯುವುದರ ಮೇಲೆ. ಈ ಹುಡುಗನ ಮನೆಯಲ್ಲಿ ಏಳೆಂಟು ತಿಂಗಳು ಹಾಗೇ ಕಳೆದುಹೋಗಿದ್ದವು.

ಮನೆಯವರು ಹೊತ್ತು ತಂದ ಕಾರಣಗಳು

ಮೊದಲ ಭೇಟಿಯಲ್ಲಿ ನಾನು ಪ್ರಶ್ನೆ ಕೇಳುವ ಮೊದಲೇ ಉತ್ತರಗಳು ಸಾಲಾಗಿ ಬಂದವು.

ಅಜ್ಜಿಯದು ವಂಶದ ಲೆಕ್ಕ. “ಇವ್ರಪ್ಪನೂ ಹಿಂಗೇನೇ. ಮೂರು ವರ್ಷ ಆಗೋವರ್ಗೂ ಒಂದ್ ಮಾತಿಲ್ಲ. ಈಗ ನೋಡಿ, ಫೋನ್ ಹಿಡ್ಕೊಂಡ್ರೆ ಕೆಳಗಿಡಲ್ಲ.” ಅಪ್ಪ ತಲೆ ತಗ್ಗಿಸಿ ನಕ್ಕರು. ಇದು ತಳ್ಳಿಹಾಕುವ ಮಾತಲ್ಲ. ಅಪ್ಪನೋ ಅಮ್ಮನೋ ತಡವಾಗಿ ಮಾತಾಡಿದವರಾದರೆ ಮಗುವೂ ತಡಮಾಡುವ ಸಾಧ್ಯತೆ ಹೆಚ್ಚು. ಗಂಡುಮಕ್ಕಳಲ್ಲಿ ಇದು ಹೆಚ್ಚು ಎನ್ನುವುದೂ ನಿಜ. ಆದರೆ ಸರಾಸರಿಯಲ್ಲಿ ಗಂಡು-ಹೆಣ್ಣಿನ ನಡುವಿನ ಅಂತರ ಒಂದೆರಡು ತಿಂಗಳದ್ದು, ವರ್ಷದ್ದಲ್ಲ. “ಗಂಡು ಹುಡುಗ ಅಲ್ವಾ, ಬರತ್ತೆ ಬಿಡಿ” ಅನ್ನುವುದರಲ್ಲಿ ಇರುವ ಸತ್ಯ ಅಷ್ಟೇ.

ಅಪ್ಪನ ಬಳಿ ಐನ್‌ಸ್ಟೈನ್ ಇದ್ದರು. ಮಾತು ತಡವಾದ ಮಗುವಿರುವ ಪ್ರತಿ ಮನೆಗೂ ಯಾರಾದರೊಬ್ಬರು ಐನ್‌ಸ್ಟೈನ್ ಅವರನ್ನು ಕರೆತಂದೇ ತರುತ್ತಾರೆ. ಅವರು ತಡವಾಗಿ ಮಾತಾಡಿದ್ದು ಹೌದು, ಅವರೇ ಹಾಗೆ ಬರೆದುಕೊಂಡಿದ್ದಾರೆ. ಅದಕ್ಕೆ ಗಾಬರಿಯಾದ ತಂದೆತಾಯಿ ಡಾಕ್ಟರ ಹತ್ತಿರ ಹೋಗಿದ್ದರು ಎಂಬುದನ್ನೂ ಅಲ್ಲೇ ಬರೆದಿದ್ದಾರೆ. ಆ ಭಾಗ ಮಾತ್ರ ವಾಟ್ಸಾಪಿನಲ್ಲಿ ಸುತ್ತುವುದಿಲ್ಲ.

ಪಕ್ಕದ ಮನೆಯವರು ನಾಲಿಗೆ ಕೆಳಗಿನ ದಾರ ಕತ್ತರಿಸಬೇಕು ಅಂದಿದ್ದರಂತೆ. ನಾಲಿಗೆ ಎತ್ತಿಸಿ ನೋಡಿದೆ, ಅಂಟಿಕೊಂಡಿರಲಿಲ್ಲ. ಅಂಟಿದ್ದರೂ ಒಂದೆರಡು ಅಕ್ಷರದ ಉಚ್ಚಾರ ತೊಡಕಾಗಬಹುದೇ ಹೊರತು ಪದಗಳೇ ಬಾರದಿರುವುದಿಲ್ಲ. ಅಜ್ಜಿ ದಿನಾ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದರು. ಅದಕ್ಕೂ ಮಾತು ಬರುವುದಕ್ಕೂ ಸಂಬಂಧವಿಲ್ಲ, ಸಾಕು ಮಾಡಿ ಅಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಅಮ್ಮ ಹೆಚ್ಚು ಮಾತಾಡಲಿಲ್ಲ. ಉಳಿದವರು ಹೊರಗೆ ಹೋದಮೇಲೆ ಎರಡು ವಿಷಯ ಹೇಳಿದರು. ಒಂದು, ರಾತ್ರಿ ಎಲ್ಲರೂ ಮಲಗಿದಮೇಲೆ ಮೊಬೈಲಿನಲ್ಲಿ ಆಟಿಸಂ (ಮಗು ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬಗ್ಗೆ ಓದುತ್ತಿದ್ದದ್ದು. ಇನ್ನೊಂದು, ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ತೋರಿಸಿದ ಕಡೆ “ಎರಡೆರಡು ಭಾಷೆ ಕಿವಿಗೆ ಬಿದ್ದು ಗೊಂದಲ ಆಗಿದೆ, ಒಂದೇ ಭಾಷೆ ಮಾತಾಡಿ” ಅಂದಿದ್ದರಂತೆ. ಅವತ್ತಿನಿಂದ ಮಗನ ಜೊತೆ ತುಳು ನಿಲ್ಲಿಸಿದ್ದರು. “ಕನ್ನಡ ಚೆನ್ನಾಗೇ ಬರುತ್ತದೆ ಮೇಡಂ. ಆದರೆ ಮಗುವನ್ನು ಮುದ್ದು ಮಾಡುವಾಗ, ಬೈಯುವಾಗ ನನಗೆ ಕನ್ನಡ ಬಾಯಿಗೆ ಬರುವುದಿಲ್ಲ. ಸುಮ್ಮನಿದ್ದುಬಿಡುತ್ತೇನೆ.”

ಈ ಸಲಹೆ ನನಗೆ ಕೋಪ ತರಿಸುತ್ತದೆ, ಯಾಕೆಂದರೆ ಇದು ಇನ್ನೂ ಚಲಾವಣೆಯಲ್ಲಿದೆ. ಎರಡು ಭಾಷೆ ಕೇಳುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಎರಡು ಭಾಷೆಯ ಮನೆಯ ಮಕ್ಕಳೂ ಮೊದಲ ಪದ ಹೇಳುವುದು ಸುಮಾರು ಅದೇ ವಯಸ್ಸಿನಲ್ಲಿ. ಒಂದೊಂದು ಭಾಷೆಯಲ್ಲಿ ಬೇರೆಬೇರೆಯಾಗಿ ಎಣಿಸಿದರೆ ಪದ ಕಡಿಮೆ ಕಾಣುತ್ತವೆ, ಕೂಡಿಸಿದರೆ ಲೆಕ್ಕ ಸರಿಹೋಗುತ್ತದೆ. ಮಂಗಳೂರು, ಬೆಳಗಾವಿ, ಕೋಲಾರ, ಎಲ್ಲಿ ನೋಡಿದರೂ ಎರಡು ಮೂರು ಭಾಷೆ ಕೇಳಿಕೊಂಡೇ ಮಕ್ಕಳು ಬೆಳೆದಿದ್ದಾರೆ. ಈ ಮನೆಯಲ್ಲಿ ಆ ಸಲಹೆ ಮಾಡಿದ್ದು ಇಷ್ಟೇ: ದಿನವಿಡೀ ಮಗುವಿನ ಜೊತೆ ಇರುವವರ ಬಾಯಿ ಕಟ್ಟಿತು.

ಎಷ್ಟು ಪದ, ಯಾವುದು ಪದ

ಒಂದು ವಾರ ಟೈಮು ಕೊಟ್ಟು, ಹುಡುಗ ತಾನಾಗಿ ಆಡುವ ಪದಗಳನ್ನೆಲ್ಲ ಬರೆದುಕೊಂಡು ಬನ್ನಿ ಅಂದೆ. ಯಾವುದನ್ನು ಪದ ಎಂದು ಲೆಕ್ಕ ಹಿಡಿಯಬೇಕೆಂದು ಮೊದಲೇ ಹೇಳಬೇಕಾಗುತ್ತದೆ, ಇಲ್ಲದಿದ್ದರೆ ಮನೆಯವರು ಅರ್ಧಕ್ಕರ್ಧ ಬಿಟ್ಟುಬಿಡುತ್ತಾರೆ. ಉಚ್ಚಾರ ಶುದ್ಧವಾಗಿರಬೇಕಿಲ್ಲ. ಒಂದೇ ವಸ್ತುವಿಗೆ, ಒಂದೇ ಬೇಡಿಕೆಗೆ ಪ್ರತಿಸಲವೂ ಒಂದೇ ಸದ್ದು ಬಂದರೆ ಅದು ಪದ. ಹಸುವಿಗೆ ‘ಅಂಬಾ’, ನಾಯಿಗೆ ‘ಬೌ’, ಬಸ್ಸಿಗೆ ‘ಪೋಂ’ ಇವೂ ಪದಗಳೇ. ನಾವು ಹೇಳಿಕೊಟ್ಟ ತಕ್ಷಣ ಗಿಳಿಪಾಠ ಒಪ್ಪಿಸಿದ್ದು ಲೆಕ್ಕಕ್ಕಿಲ್ಲ. ಮೊಬೈಲ್ ಹಾಡಿನ ಜೊತೆ ‘ಏ ಬಿ ಸಿ’ ಗುನುಗಿದ್ದೂ ಇಲ್ಲ.

ಪಟ್ಟಿ ಬಂತು. ಅಮ್ಮ, ಪಪ್ಪ, ‘ಜಿ’ ಅಂದರೆ ಅಜ್ಜಿ, ಬಾ, ತಾ, ಟಾಟಾ, ಅಂಬಾ, ಬೌ, ಕಾ ಅಂದರೆ ಕಾರೂ ಹೌದು ಕಾಗೆಯೂ ಹೌದು, ಹೀಗೆ 19. ಪಟ್ಟಿಯ ಕೆಳಗೆ ಅಜ್ಜಿ ಹೇಳಿ ಬರೆಸಿದ ಒಂದು ಟಿಪ್ಪಣಿ: ಊಟದ ತಟ್ಟೆ ತಳ್ಳುವಾಗ ‘ಬೊಚ್ಚಿ’ ಅಂತ ಏನೋ ಅರ್ಥವಿಲ್ಲದ್ದು ಒದರುತ್ತಾನೆ. ಓದುತ್ತಿದ್ದ ಹಾಗೆ ಅಮ್ಮ ನಕ್ಕುಬಿಟ್ಟರು. ತುಳುವಿನಲ್ಲಿ ‘ಬೊಡ್ಚಿ’ ಅಂದರೆ ಬೇಡ. ಅವರು ತುಳು ನಿಲ್ಲಿಸಿ ಏಳು ತಿಂಗಳಾಗಿದ್ದರೂ ಹುಡುಗ ಬಿಟ್ಟಿರಲಿಲ್ಲ. ಹಾಗೇ ಬೆಕ್ಕಿನ ‘ಪುಚ್ಚೆ’ಯೂ ಸೇರಿ ಲೆಕ್ಕ 21ಕ್ಕೆ ನಿಂತಿತು. ಎರಡು ಪದ ಜೋಡಿಸಿದ್ದು ಒಂದೂ ಇರಲಿಲ್ಲ.

ಇದು ಕಡಿಮೆಯೇ? ಕಡಿಮೆ. ನಾವು ಬಳಸುವ ಅಳತೆ ಸರಳ: 24 ತಿಂಗಳಿಗೆ 50 ಪದಕ್ಕಿಂತ ಕಡಿಮೆ ಇದ್ದರೆ, ಅಥವಾ ‘ನೀರು ಬೇಕು’, ‘ಅಪ್ಪ ಬಾ’ ಥರ ಎರಡು ಪದ ಕೂಡಿಸದಿದ್ದರೆ ತಡ. ಆದರೆ ಆ ಗೆರೆಯ ಆಚೀಚೆ ಇರುವ ಹರವು ಎಷ್ಟು ದೊಡ್ಡದೆಂದು ತಿಳಿದಿದ್ದರೆ ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವ ಚಟ ಅರ್ಧ ಇಳಿಯುತ್ತದೆ. ಇಂಗ್ಲಿಷ್ ಆಡುವ ಅಮೆರಿಕದ ಮಕ್ಕಳ ಮೇಲೆ 1990ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳ ಸರಾಸರಿ ಸುಮಾರು 300 ಪದ. ಕೆಳತುದಿಯ ಮಕ್ಕಳು 100 ಕೂಡ ದಾಟಿರಲಿಲ್ಲ, ಮೇಲ್ತುದಿಯವರು 500 ದಾಟಿದ್ದರು. ಮೊದಲ ಪದದ ಕಥೆಯೂ ಅದೇ. ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದ ಆಸುಪಾಸು. ಕೆಲವರಿಗೆ ಹತ್ತು ತಿಂಗಳಿಗೇ, ಇನ್ನು ಕೆಲವರಿಗೆ 15 ತಿಂಗಳು ಕಳೆದಮೇಲೆ. ಈ ಹುಡುಗ 14ನೇ ತಿಂಗಳಿಗೆ ‘ಅಮ್ಮ’ ಅಂದಿದ್ದ. ಅಲ್ಲಿಯವರೆಗೆ ಎಲ್ಲವೂ ಎಲ್ಲರಂತೆ. ಆಮೇಲೆ ನಿಧಾನವಾಯಿತು.

ಅಪ್ಪ ಮೊಬೈಲಿನಲ್ಲಿ ಇನ್ನೊಂದು ಪಟ್ಟಿ ತೋರಿಸಿದರು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ, ಮಕ್ಕಳ ಬೆಳವಣಿಗೆಯ ಮೈಲಿಗಲ್ಲುಗಳು. ಅದರಲ್ಲಿ ಸುಮಾರು 50 ಪದ ಎಂಬುದು 30 ತಿಂಗಳಿಗೆ ಹೋಗಿದೆ. “ಹಾಗಾದ್ರೆ ಇನ್ನೂ ಟೈಮಿದೆ ಅಲ್ವಾ ಮೇಡಂ?” ಆ ಪಟ್ಟಿಯ ಲೆಕ್ಕವೇ ಬೇರೆ. ನೂರರಲ್ಲಿ 75 ಅಥವಾ ಅದಕ್ಕೂ ಹೆಚ್ಚು ಮಕ್ಕಳು ಮುಟ್ಟಿರುವ ಹಂತವನ್ನು ಅಲ್ಲಿ ಬರೆಯುತ್ತಾರೆ, ದಾಟದ ಮಗು ತಕ್ಷಣ ಕಣ್ಣಿಗೆ ಬೀಳಲಿ ಎಂದು. ಅದು ಕಾಯಲು ಕೊಟ್ಟ ಗಡುವಲ್ಲ. ಅದೇ ಪಟ್ಟಿಯಲ್ಲಿ ಎರಡು ಪದ ಜೋಡಿಸುವುದು 24 ತಿಂಗಳಿಗೇ ಇದೆ ಎಂದು ತೋರಿಸಿದೆ.

ಮಾತು ಬಿಟ್ಟು ಉಳಿದದ್ದು

ಪದದ ಎಣಿಕೆ ಮುಗಿಯುವುದು ಅರ್ಧ ಗಂಟೆಯಲ್ಲಿ. ನಾನು ಹೆಚ್ಚು ಹೊತ್ತು ನೋಡುವುದು ಮಾತಿನ ಆಚೆಗಿನದನ್ನು.

ಸೋಪಿನ ಗುಳ್ಳೆ ಊದುವ ಡಬ್ಬಿ ತೆಗೆದು ನಾಲ್ಕು ಸಲ ಊದಿದೆ. ಹುಡುಗ ಗುಳ್ಳೆಗಳ ಹಿಂದೆ ಓಡಿದ, ಒಡೆದ, ನಕ್ಕ. ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಕೈಗೆ ಕೊಟ್ಟು ಸುಮ್ಮನೆ ಕೂತೆ. ಹಲ್ಲಿನಿಂದ ಕಚ್ಚಿದ. ಅಲ್ಲಾಡಿಸಿದ. ಅಮ್ಮನ ಕಡೆ ನೋಡಿದ. ಅಮ್ಮ “ಓಪನ್ ಅನ್ನು ಪುಟ್ಟಾ, ಓಪನ್” ಅನ್ನತೊಡಗಿದ್ದರು, ಕೈಸನ್ನೆ ಮಾಡಿ ತಡೆದೆ. ಅವನು ಡಬ್ಬಿ ತಂದು ನನ್ನ ತೊಡೆಯ ಮೇಲಿಟ್ಟ, ನನ್ನ ಬೆರಳು ಹಿಡಿದು ಮುಚ್ಚಳದ ಮೇಲೆ ಇಟ್ಟ, ಆಮೇಲೆ ಮುಖ ಎತ್ತಿ ನೇರವಾಗಿ ಕಣ್ಣಿಗೆ ಕಣ್ಣಿಟ್ಟು “ಉಂ?” ಅಂದ. ಡಬ್ಬಿ ತೆರೆದಾಗ ತಿರುಗಿ ಅಮ್ಮನಿಗೆ ಬೆರಳು ಮಾಡಿ ತೋರಿಸಿದ, ನೋಡು ಅನ್ನುವ ಹಾಗೆ.

ಕಡೆಯದು ನನಗೆ ಬೇಕಿದ್ದದ್ದು. ಮಕ್ಕಳು ಬೆರಳು ತೋರುವುದರಲ್ಲಿ ಎರಡು ಬಗೆ. ಬಿಸ್ಕತ್ತಿಗೆ ಬೆರಳು ಮಾಡುವುದು ಬೇಕು ಅಂತ. ಆಕಾಶದ ವಿಮಾನಕ್ಕೆ ಬೆರಳು ಮಾಡಿ, ತಿರುಗಿ ಅಮ್ಮನ ಮುಖ ನೋಡುವುದು, ನಾನು ಕಂಡದ್ದನ್ನು ನೀನೂ ನೋಡು ಅಂತ. ಎರಡನೆಯದು ಸಾಮಾನ್ಯವಾಗಿ 12ರಿಂದ 14 ತಿಂಗಳಿಗೆ ಬರುತ್ತದೆ. ಆಟಿಸಂನಲ್ಲಿ ಬಹಳ ಸಲ ಇದೇ ಕಾಣದೆ ಹೋಗುವುದು. ಈ ಹುಡುಗ ಹಾಗೆ ತೋರಿಸುತ್ತಿದ್ದ, ಗೊಂಬೆಗೆ ಖಾಲಿ ಲೋಟದಿಂದ ನೀರು ಕುಡಿಸಿದ, “ಅಜ್ಜಿಯ ಚಪ್ಪಲಿ ತಾ” ಅಂದರೆ ಬಾಗಿಲ ಬಳಿಯ ನಾಲ್ಕು ಜೊತೆಯಲ್ಲಿ ಸರಿಯಾದದ್ದನ್ನೇ ತಂದ. ಆಟಿಸಂನ ಸುಳಿವು ಹುಡುಕಲು ತಂದೆತಾಯಿಗೆ ಕೇಳುವ 20 ಪ್ರಶ್ನೆಗಳ ಎಂ-ಚಾಟ್ ಪಟ್ಟಿಯಲ್ಲೂ ಅಂಕ ಕಡಿಮೆ ಅಪಾಯದ ಗುಂಪಿನಲ್ಲೇ ಬಂತು. ಅಮ್ಮನಿಗೆ ಹೇಳಿದೆ, ಈ ಕ್ಷಣಕ್ಕೆ ನಿಮ್ಮ ರಾತ್ರಿಯ ಓದು ನಿಲ್ಲಿಸಬಹುದು.

ಈ ಸನ್ನೆಗಳು ಇಲ್ಲದಿದ್ದರೆ ನನ್ನ ನಡೆ ಬೇರೆಯಾಗುತ್ತಿತ್ತು. 12 ತಿಂಗಳಾದರೂ ‘ಬಬಬ’, ‘ದದದ’ ಎಂಬ ತೊದಲಿಲ್ಲ, ಕೈಬೀಸುವುದು-ಬೆರಳು ತೋರುವುದು ಇಲ್ಲ. 16 ತಿಂಗಳಾದರೂ ಒಂದೂ ಪದವಿಲ್ಲ. ಇಂಥದ್ದಕ್ಕೆ ಎರಡು ವರ್ಷ ತುಂಬುವವರೆಗೂ ಕಾಯುವ ಮಾತೇ ಇಲ್ಲ. ಆಡುತ್ತಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸಾದರೂ ಆ ವಾರವೇ ತೋರಿಸಬೇಕು.

“ಹುಟ್ಟಿದಾಗಲೇ ಕಿವಿ ಟೆಸ್ಟ್ ಆಗಿದೆ”

ಕಿವಿಯ ವಿಷಯ ಎತ್ತಿದ ಕೂಡಲೇ ಅಪ್ಪ ಫೈಲಿನಿಂದ ಒಂದು ಚೀಟಿ ತೆಗೆದರು. ಹೆರಿಗೆಯಾದ ಆಸ್ಪತ್ರೆಯಲ್ಲಿ ಮಾಡಿದ ಓಎಇ ಪರೀಕ್ಷೆ (ಕಿವಿಗೆ ಸಣ್ಣ ಸದ್ದು ಕೊಟ್ಟು ಒಳಗಿವಿಯಿಂದ ಮರಳುವ ಸದ್ದನ್ನು ಅಳೆಯುವುದು), ಎರಡೂ ಕಿವಿ ಪಾಸ್. ಅವತ್ತಿನಿಂದ ಇವತ್ತಿನವರೆಗೆ ಯಾರೂ ಕಿವಿಯ ಕಡೆ ತಿರುಗಿ ನೋಡಿರಲಿಲ್ಲ. ಅಜ್ಜಿಗೂ ಅನುಮಾನವಿರಲಿಲ್ಲ: “ಅಡುಗೆಮನೇಲಿ ಚಾಕಲೇಟ್ ಕಾಗದ ಸದ್ದಾದ್ರೆ ಹಾಲಿಂದ ಓಡ್ಬರ್ತಾನೆ, ಕಿವಿ ಕೇಳಲ್ವಾ?”

ಹುಟ್ಟಿದಾಗ ಮಾಡಿದ ಪರೀಕ್ಷೆ ಆ ದಿನದ ಕಿವಿಯ ಬಗ್ಗೆ ಹೇಳುತ್ತದೆ, ಆಮೇಲೆ ಬಂದದ್ದರ ಬಗ್ಗೆ ಅಲ್ಲ. ಮನೆಯ ಪರೀಕ್ಷೆಗಳು, ತಟ್ಟೆ ಬಡಿಯುವುದು, ಚಪ್ಪಾಳೆ, ಬಾಗಿಲು, ಇವು ಪೂರ್ತಿ ಕಿವುಡನ್ನು ಹಿಡಿಯುತ್ತವೆಯೇ ಹೊರತು ಅರೆಬರೆ ಕೇಳುವುದನ್ನು ಹಿಡಿಯುವುದಿಲ್ಲ. ಕೆದಕಿ ಕೇಳಿದಾಗ ಒಂದೊಂದೇ ಹೊರಬಂತು. ನೆಗಡಿ ಹೋಗುವುದೇ ಇಲ್ಲ. ಬಾಯಿ ತೆರೆದು ಮಲಗುತ್ತಾನೆ, ಗೊರಕೆ. ಟಿವಿಗೆ ಮುಖ ಒತ್ತಿ ನಿಲ್ಲುತ್ತಾನೆ. ಕರೆದರೆ ಒಮ್ಮೊಮ್ಮೆ ತಿರುಗುತ್ತಾನೆ, ಒಮ್ಮೊಮ್ಮೆ ಇಲ್ಲ, ಹಠ ಅಂದುಕೊಂಡಿದ್ದರು.

ಈ ವಯಸ್ಸಿನ ಮಗುವಿಗೆ ‘ಕೇಳಿದರೆ ಕೈ ಎತ್ತು’ ಎಂದು ಹೇಳಿ ಪರೀಕ್ಷೆ ಮಾಡಲಾಗದು. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಅಮ್ಮನ ತೊಡೆಯ ಮೇಲೆ ಕೂರಿಸುತ್ತೇವೆ. ಪಕ್ಕದ ಸ್ಪೀಕರಿನಿಂದ ಸದ್ದು ಬಂದಾಗ ಮಗು ಆ ಕಡೆ ತಿರುಗಿದರೆ ಕಪ್ಪು ಗಾಜಿನ ಪೆಟ್ಟಿಗೆಯೊಳಗೆ ದೀಪ ಹತ್ತಿ, ತಮಟೆ ಬಾರಿಸುವ ಕೋತಿಗೊಂಬೆ ಕುಣಿಯುತ್ತದೆ. ಎರಡು ಮೂರು ಸಲಕ್ಕೆ ಮಗುವಿಗೆ ಆಟ ಗೊತ್ತಾಗುತ್ತದೆ. ಆಮೇಲೆ ಸದ್ದು ಕಡಿಮೆ ಮಾಡುತ್ತಾ ಹೋಗುವುದು. ಈ ಹುಡುಗ 50 ಡೆಸಿಬಲ್‌ಗೆ ಥಟ್ಟನೆ ತಿರುಗಿದ. 40ಕ್ಕೂ ತಿರುಗಿದ. 35ರ ಹತ್ತಿರ ಅನುಮಾನಿಸತೊಡಗಿದ. ಅದಕ್ಕೂ ಕೆಳಗೆ ಇಳಿಸಿದಾಗ, ಗೊಂಬೆ ಇನ್ನೂ ಯಾಕೆ ಕುಣಿಯಲಿಲ್ಲ ಅನ್ನುವಂತೆ ಕತ್ತಲೆ ಪೆಟ್ಟಿಗೆಯನ್ನೇ ನೋಡುತ್ತ ಕೂತ. ಈ ವಯಸ್ಸಿನಲ್ಲಿ 20ಕ್ಕೆ ತಿರುಗಬೇಕು. ಅಮ್ಮನಿಗೆ ಆ ಸದ್ದು ಕೇಳುತ್ತಿತ್ತು, ಮಗನಿಗೆ ಇಲ್ಲ. ಅವರ ಮುಖ ನೋಡಿದಾಗಲೇ ನನಗೆ ಫಲಿತಾಂಶ ವಿವರಿಸುವ ಕೆಲಸ ಉಳಿದಿಲ್ಲ ಅನ್ನಿಸಿತು.

ಕಿವಿಯ ತಮಟೆ ಎಷ್ಟು ಅಲ್ಲಾಡುತ್ತದೆ ಎಂದು ತೋರಿಸುವ ಟಿಂಪನೋಮೆಟ್ರಿಯಲ್ಲಿ ಗುಡ್ಡದ ಆಕಾರದ ಗೆರೆ ಬರಬೇಕು. ಎರಡೂ ಕಿವಿಯಲ್ಲಿ ಗೆರೆ ಚಪ್ಪಟೆ. ತಮಟೆಯ ಹಿಂದೆ ದ್ರವ ತುಂಬಿದೆ ಎಂದರ್ಥ. ಕಿವಿ ಸೋರದೆ, ನೋವಿಲ್ಲದೆ, ಜ್ವರವಿಲ್ಲದೆ ಒಳಗೇ ನಿಲ್ಲುವ ದ್ರವ ಇದು. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ನೆಗಡಿ, ಊದಿದ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಇದ್ದರೆ ಗಾಳಿಯಾಡದೆ ದ್ರವ ನಿಂತುಬಿಡುತ್ತದೆ. ಶಾಲೆಗೆ ಹೋಗುವ ಮುಂಚೆ ಸುಮಾರು ನೂರಕ್ಕೆ 90 ಮಕ್ಕಳಿಗೆ ಒಮ್ಮೆಯಾದರೂ ಇದು ಆಗಿಹೋಗಿರುತ್ತದೆ. ಬಹುಪಾಲು ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ.

ದ್ರವ ಇರುವಷ್ಟು ಕಾಲ ಮಗು ಕೇಳುವುದು ಕಿವಿಗೆ ಹತ್ತಿ ತುರುಕಿಕೊಂಡು ಕೇಳಿದ ಹಾಗೆ. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದ್ದು ಕೇಳುತ್ತದೆ. ಬೆನ್ನ ಹಿಂದಿನಿಂದ, ಮಿಕ್ಸಿ ಸದ್ದಿನ ನಡುವೆ, ಮೆತ್ತಗೆ ಹೇಳಿದ್ದು ಕಳೆದುಹೋಗುತ್ತದೆ. ಕನ್ನಡದಲ್ಲಿ ‘ಮನೆಗೆ’, ‘ಮನೇಲಿ’, ‘ಮನೆಯಿಂದ’ ಎಂಬ ವ್ಯತ್ಯಾಸವೆಲ್ಲ ಪದದ ಬಾಲದಲ್ಲಿರುತ್ತದೆ, ಆ ಬಾಲವನ್ನೇ ನಾವು ಇಳಿದನಿಯಲ್ಲಿ ನುಂಗಿ ಹೇಳುವುದು.

ಮೂರು ತಿಂಗಳು

ಇ.ಎನ್.ಟಿ ಡಾಕ್ಟರು ನೋಡಿ ಅಡಿನಾಯ್ಡ್ ಮಧ್ಯಮ ಗಾತ್ರದ್ದು, ಸದ್ಯಕ್ಕೆ ಆಪರೇಷನ್ ಬೇಡ, ಮೂರು ತಿಂಗಳು ಬಿಟ್ಟು ಮತ್ತೆ ಟಿಂಪನೋಮೆಟ್ರಿ ಮಾಡೋಣ ಅಂದರು. ನೆಗಡಿ ಮಾತ್ರೆಗಳಿಂದ ಈ ದ್ರವ ಬೇಗ ಇಂಗುವುದಿಲ್ಲ, ಹಾಗಾಗಿ ಔಷಧಿ ಚೀಟಿಯೂ ಇಲ್ಲ. ಅಪ್ಪನಿಗೆ ಇದು ಸಮಾಧಾನ ತರಲಿಲ್ಲ. ಇಷ್ಟು ದಿನ ಕಾದದ್ದು ತಪ್ಪು ಅಂದಿರಿ, ಈಗ ನೀವೇ ಕಾಯಿರಿ ಅನ್ನುತ್ತೀರಿ ಎಂದರು. ನ್ಯಾಯವಾದ ಪ್ರಶ್ನೆ. ಆಗ ಕಾಯುತ್ತಿದ್ದದ್ದು ಯಾತಕ್ಕೆಂದು ಗೊತ್ತಿರಲಿಲ್ಲ. ಈಗ ಏನು, ಎಷ್ಟು ದಿನ, ಆಮೇಲೆ ಏನು ಎಂಬುದು ಗೊತ್ತಿದೆ. ಮೂರು ತಿಂಗಳ ಮೇಲೂ ದ್ರವ ಉಳಿದು, ಕೇಳುವುದು ಕಡಿಮೆಯೇ ಇದ್ದರೆ ತಮಟೆಗೆ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಹಾಕುವ ಚರ್ಚೆ ಶುರುವಾಗುತ್ತದೆ.

ನನ್ನ ಪಾಲಿನ ಕೆಲಸವನ್ನು ಕ್ಲಿನಿಕ್ಕಿಗಿಂತ ಮನೆಗೇ ಹೆಚ್ಚು ಹಂಚಿದೆ. ಎರಡು ವರ್ಷದ ಮಗುವಿಗೆ ವಾರಕ್ಕೊಂದು ಗಂಟೆ ನನ್ನೆದುರು ಕೂತು ಬರುವ ಮಾತಿಗಿಂತ ಉಳಿದ ಎಲ್ಲ ಗಂಟೆಗಳಲ್ಲಿ ಬರುವ ಮಾತು ಹೆಚ್ಚು.

ಮೊದಲನೆಯದು, ಅಮ್ಮ ಮತ್ತೆ ತುಳು ಆಡಬೇಕು. ಅಪ್ಪ-ಅಜ್ಜಿ ಕನ್ನಡ. ಯಾರಿಗೆ ಯಾವುದು ಸಲೀಸೋ ಅದು. ಎರಡನೆಯದು, ‘ಹೇಳು’ ಎಂಬ ಪದಕ್ಕೆ ರಜೆ. ಆ ಮನೆಯಲ್ಲಿ ಹುಡುಗ ದಿನವಿಡೀ ಪರೀಕ್ಷೆ ಬರೆಯುತ್ತಿದ್ದ: ಇದೇನು, ಅದೇನು, ಹಸು ಅನ್ನು, ಅಂಕಲ್‌ಗೆ ಹಾಯ್ ಹೇಳು. ಅವನು ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ. ಅದರ ಬದಲು ಅವನು ನೋಡುತ್ತಿರುವುದರ ಬಗ್ಗೆ ನೀವೇ ಒಂದು ಮಾತು ಆಡಿ, ಆಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಅವನು ‘ಕಾ’ ಅಂದರೆ ತಿದ್ದಬೇಡಿ, ‘ಹೌದು, ಕಾಗೆ ಬಂತು’ ಎಂದು ಒಂದು ಮೆಟ್ಟಿಲು ಮಾತ್ರ ಮೇಲಕ್ಕೆ ಹತ್ತಿಸಿ. ಕಿವಿಯ ದೆಸೆಯಿಂದ ಇನ್ನೊಂದು: ಹತ್ತಿರ ಹೋಗಿ, ಕೆಳಗೆ ಕೂತು, ಮುಖ ಕಾಣುವಂತೆ ಮಾತಾಡಿ, ನೋಡುವವರಿಲ್ಲದೆ ಓಡುವ ಟಿವಿ ಆರಿಸಿ.

ಮೊಬೈಲಿನ ಬಗ್ಗೆ ಅತ್ತೆ-ಸೊಸೆ ಇಬ್ಬರೂ ನನ್ನ ತೀರ್ಪಿಗೆ ಕಾಯುತ್ತಿದ್ದರು, ಇನ್ನೊಬ್ಬರ ಮೇಲೆ ತಪ್ಪು ಹೊರಿಸಲು. ಊಟದ ಹೊತ್ತಿಗೆ ಮೂರು ಹೊತ್ತೂ ಫೋನು, ಇಂಗ್ಲಿಷ್ ರೈಮ್ಸು. ಭಾರತೀಯ ಮಕ್ಕಳ ತಜ್ಞರ ಸಂಘದ ಸೂಚನೆ ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡ ಎಂದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸೂಚನೆಯಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದಿದೆ. ಫೋನು ಮಾತನ್ನು ಕಿತ್ತುಕೊಂಡಿತು ಎಂದು ನಾನು ಹೇಳಲಾರೆ. ಊಟದ ಹೊತ್ತಿನ ಮಾತುಕತೆಯನ್ನಂತೂ ನುಂಗಿತ್ತು. ‘ಬೇಕು, ಸಾಕು, ಬಿಸಿ, ಉಫ್, ಇನ್ನೊಂದು ತುತ್ತು’ ಇವೆಲ್ಲ ಹುಟ್ಟುವ ಜಾಗ ಅದು.

ಜಾಗ ಅಂದದ್ದಕ್ಕೆ ಕಾರಣವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ಡೆಬ್ ರಾಯ್ 2005ರಲ್ಲಿ ತಮ್ಮ ಮಗ ಹುಟ್ಟಿದಾಗ ಮನೆಯ ಕೋಣೆಕೋಣೆಗೂ ಕ್ಯಾಮೆರಾ, ಮೈಕು ಕೂರಿಸಿ ಸುಮಾರು ಮೂರು ವರ್ಷ ದಾಖಲಿಸಿದರು. ಮಗ ‘ಗಾಗಾ’ ಎಂಬಲ್ಲಿಂದ ‘ವಾಟರ್’ ಎಂಬಲ್ಲಿಗೆ ಬರಲು ಸುಮಾರು ಆರು ತಿಂಗಳು ಹಿಡಿದದ್ದು ಆ ಧ್ವನಿಮುದ್ರಣದಲ್ಲಿ ಸಿಕ್ಕಿದೆ. 2015ರಲ್ಲಿ ಅವರ ತಂಡ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಒಂದು ಪದ ಯಾವಾಗ ಬಾಯಿಗೆ ಬರುತ್ತದೆ ಎಂಬುದನ್ನು, ಅದನ್ನು ಮಗು ಎಷ್ಟು ಸಲ ಕೇಳಿತು ಎಂಬುದಕ್ಕಿಂತ, ಅದು ಒಂದು ನಿರ್ದಿಷ್ಟ ಜಾಗ, ಹೊತ್ತು, ಸಂದರ್ಭಕ್ಕೆ ಎಷ್ಟು ಕಟ್ಟುಬಿದ್ದಿದೆ ಎಂಬುದು ಚೆನ್ನಾಗಿ ಹೇಳಿತು. ಒಂದೇ ಮಗುವಿನ ದಾಖಲೆ, ನಿಜ. ಆದರೂ ನಮ್ಮ ಕೆಲಸಕ್ಕೆ ಹೊಂದುವ ಮಾತು. ಸ್ನಾನದ ಮನೆಯ ಪದಗಳು ಸ್ನಾನದ ಮನೆಯಲ್ಲಿ, ಗೇಟಿನ ಪದಗಳು ಗೇಟಿನಲ್ಲಿ, ದಿನಾ ಅದೇ ಹೊತ್ತಿಗೆ ಅದೇ ರಾಗದಲ್ಲಿ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರು ಅಜ್ಜಿ. ಅವರೆಕಾಯಿ ಕಾಲ. ಮಧ್ಯಾಹ್ನ ಜಗಲಿಯಲ್ಲಿ ಮೊರದ ತುಂಬ ಕಾಯಿ ಹರಡಿ ಸುಲಿಯುತ್ತಾ ಕೂರುತ್ತಿದ್ದರು, ಮೊಮ್ಮಗ ಎದುರಿಗೆ. ಅಪ್ಪ ಕಳಿಸಿದ ವಿಡಿಯೋ ನನ್ನ ಬಳಿ ಇದೆ. ಅಜ್ಜಿ ಒಂದು ಕಾಯಿ ಬಿಡಿಸುತ್ತಾರೆ. “ಒಂದ್ ಕಾಳು… ಎಲ್ಡ್ ಕಾಳು…” ಮೊರಕ್ಕೆ ಟಪ್ ಎಂದು ಹಾಕುತ್ತಾರೆ. ಮೂರನೇ ಕಾಯಿ ಬಿಡಿಸಿ, ಗಾಬರಿ ನಟಿಸಿ, “ಅಯ್ಯೋ, ಹುಳ!” ಹುಡುಗ ಕೇಕೆ ಹಾಕುತ್ತಾನೆ. ಇನ್ನೊಂದು ಕಾಯಿ ಬಿಡಿಸಿ ಒಳಗೆ ಇಣುಕಿ ಸುಮ್ಮನಾಗುತ್ತಾರೆ. ಹುಡುಗನೂ ಇಣುಕುತ್ತಾನೆ. ಅಜ್ಜಿ ಇನ್ನೂ ಸುಮ್ಮನೆ. “ಊಳ,” ಅನ್ನುತ್ತಾನೆ ಅವನು. ಯಾರೂ ಚಪ್ಪಾಳೆ ತಟ್ಟುವುದಿಲ್ಲ. “ಹೂಂ, ಹಸಿರು ಹುಳ,” ಎಂದು ಅಜ್ಜಿ ಅದನ್ನು ಆಚೆ ಎಸೆದು ಮುಂದಿನ ಕಾಯಿಗೆ ಕೈಹಾಕುತ್ತಾರೆ.

ಆಮೇಲೆ ಕಂಡದ್ದು

28ನೇ ತಿಂಗಳಿಗೆ ಪಟ್ಟಿಯಲ್ಲಿ 60ಕ್ಕೂ ಮೇಲೆ ಪದಗಳಿದ್ದವು. ಜೋಡಿಪದಗಳೂ ಶುರುವಾಗಿದ್ದವು: ‘ಜಿ ಬಾ’, ‘ಪುಚ್ಚೆ ಟಾಟಾ’, ‘ಹಾಲು ಬೊಡ್ಚಿ’. ಕೊನೆಯದನ್ನು ಕೇಳಿ ಅಪ್ಪನಿಗೆ ಮತ್ತೆ ಗೊಂದಲದ ಭಯ. ಎರಡು ಭಾಷೆಯ ಮಕ್ಕಳು ಹೀಗೆ ಕಲಸುತ್ತಾರೆ, ನಾವೂ ದಿನವಿಡೀ ಇಂಗ್ಲಿಷನ್ನು ಕಲಸುತ್ತೇವೆ. ಟಿಂಪನೋಮೆಟ್ರಿಯಲ್ಲಿ ಒಂದು ಕಿವಿ ತಿಳಿಯಾಗಿತ್ತು, ಇನ್ನೊಂದು ಅರ್ಧ ದಾರಿಯಲ್ಲಿತ್ತು. ಡಾಕ್ಟರು ಗ್ರಾಮೆಟ್ ಮಾತು ಮುಂದೂಡಿದರು. 31ನೇ ತಿಂಗಳಿಗೆ ಎರಡೂ ಸರಿಯಾಗಿ, ಕೋತಿಗೊಂಬೆಯ ಕೋಣೆಯಲ್ಲಿ 20 ಡೆಸಿಬಲ್‌ಗೆ ತಿರುಗಿದ. ಮೂರು ತುಂಬಿದಾಗ ‘ಅಪ್ಪ ಬ್ಯಾಂಕಿಗೆ ಹೋಯ್ತು’, ‘ನಂಗೆ ಕೆಂಪು ಕಾಲು ಬೇಕು’ ಅನ್ನುತ್ತಿದ್ದ. ಕಾಲು ಅಂದರೆ ಕಾರು. ರ ಬರುವುದು ತಡ, ಮೂರು ವರ್ಷಕ್ಕೆ ಅದರ ಚಿಂತೆ ಬೇಡ. ಅಪ್ಪ ‘ಹೋಯ್ತು’ ಆದದ್ದಕ್ಕೂ ಬೇಡ.

ಮಾತು ಹೇಗೆ ಬಂತು ಎಂಬುದಕ್ಕೆ ಆ ಮನೆಯಲ್ಲಿ ಈಗ ನಾಲ್ಕು ಉತ್ತರಗಳಿವೆ. ಅಜ್ಜಿಗೆ ಬಜೆ, ನಾನು ಬೇಡವೆಂದಮೇಲೂ ಅವರು ನಿಲ್ಲಿಸಿರಲಿಲ್ಲವಂತೆ. ಅಪ್ಪನಿಗೆ ಫೋನ್ ಬಿಡಿಸಿದ್ದು. ಅಮ್ಮನಿಗೆ ತುಳು. ಡಾಕ್ಟರಿಗೆ ದ್ರವ ಇಂಗಿದ್ದು. ನನ್ನನ್ನು ಕೇಳಿದರೆ, ಯಾವುದೆಂದು ಬೇರ್ಪಡಿಸಲು ಒಂದು ಮಗುವಿನ ಕಡತ ಸಾಲದು. ಅಪ್ಪನ ಹಾಗೆಯೇ ತಾನಾಗಿ ಮಾತಾಡುವ ಮಗು ಇದಾಗಿದ್ದಿರಲೂಬಹುದು. ದ್ರವವೂ ತಾನಾಗಿಯೇ ಇಂಗಿತು. ಅಷ್ಟೇ ಅಲ್ಲ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಇಂಥ ದ್ರವ ಬಹುಕಾಲ ನಿಂತ 400ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ಕೂಡಲೇ ಕೊಳವೆ ಹಾಕಿ, ಉಳಿದವರಿಗೆ ತಡೆದು ನೋಡಿದರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಕ್ಕೆ ಎರಡೂ ಗುಂಪಿನ ಮಾತಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಂದರೆ ಆರೋಗ್ಯವಾಗಿರುವ ಮಗುವಿನಲ್ಲಿ ಬರೀ ದ್ರವವೊಂದೇ ಮಾತನ್ನು ಕಟ್ಟಿಹಾಕುತ್ತದೆ ಎಂದು ಹೇಳುವುದು ಕಷ್ಟ. ಆದರೆ ಈಗಾಗಲೇ ಹಿಂದಿರುವ ಮಗುವಿಗೆ ಕೇಳುವುದೂ ಕಡಿಮೆಯಾದರೆ ಅದನ್ನು ಹಾಗೇ ಬಿಡುವ ಧೈರ್ಯ ನನಗಿಲ್ಲ. ಚಪ್ಪಟೆ ಗೆರೆಯ ಹಿಂದೆ ಬರೀ ದ್ರವವೇ ಇರಬೇಕೆಂದೂ ಇಲ್ಲ, ದ್ರವದ ಜೊತೆಗೆ ನರದ ಕಿವುಡೂ ಅಡಗಿರಬಹುದು. ಅದು ಇಂಗುವುದಿಲ್ಲ. ಅದಕ್ಕೆ ಶ್ರವಣಯಂತ್ರ ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಹುಟ್ಟುಕಿವುಡಿನಲ್ಲಿ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಗುರಿ. ದ್ರವ ಇಂಗಿದ ಮೇಲೂ ಕೋಣೆಯ ಪರೀಕ್ಷೆಯನ್ನು ಮತ್ತೆ ಮಾಡಿದ್ದು ಇದಕ್ಕೇ.

ಖರ್ಚಿನ ವಿಷಯ ಬಂದಾಗ ಜನ ಹಿಂಜರಿಯುತ್ತಾರೆ, ಹಾಗಾಗಿ ಇದೂ ಇರಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆರಡು ಸಲ ತಪಾಸಣಾ ತಂಡ ಬರಬೇಕು, ಕಿವಿ ಮತ್ತು ಮಾತಿನ ತೊಂದರೆ ಅವರ ಪಟ್ಟಿಯಲ್ಲೇ ಇದೆ. ಅಲ್ಲಿಂದ, ಇಂಥ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಶುರುಮಾಡುವ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ಪರೀಕ್ಷೆಯೂ ಒಂದೇ ಸೂರಿನಡಿ ಆಗುತ್ತದೆ.

ಹುಡುಗನ ಕಡತ ಇನ್ನೂ ಮುಚ್ಚಿಲ್ಲ. ತಡವಾಗಿ ಮಾತಾಡಿ ಆಮೇಲೆ ಸರಿಹೋದ ಮಕ್ಕಳನ್ನು 17 ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಅವರೆಲ್ಲ ಸಾಮಾನ್ಯ ಮಟ್ಟದಲ್ಲೇ ಇದ್ದರೂ ಪದಸಂಪತ್ತು, ವ್ಯಾಕರಣದಲ್ಲಿ ಓರಗೆಯವರಿಗಿಂತ ಒಂದು ಕೈ ಹಿಂದೆಯೇ ಇದ್ದರು. ಅದಕ್ಕೆ ನಾಲ್ಕು ತುಂಬಿದಾಗ ಅವನಿಂದ ಒಂದು ಕಥೆ ಹೇಳಿಸಿ ನೋಡಬೇಕು: ಆಮೇಲೆ, ಅದಕ್ಕೆ, ಆದ್ರೆ ಎಂದು ಘಟನೆಗಳನ್ನು ಕೂಡಿಸುತ್ತಾನೋ, ಇಲ್ಲ ಬಿಡಿಬಿಡಿ ಪದಗಳಲ್ಲೇ ಮುಗಿಸುತ್ತಾನೋ ಎಂದು. ಅದಕ್ಕೂ ಮುಂಚೆ ಮಳೆಗಾಲದ ನೆಗಡಿ ಎರಡು ವಾರ ಮೀರಿದರೆ ಮತ್ತೊಂದು ಟಿಂಪನೋಮೆಟ್ರಿ. ಮುಂದಿನ ಭೇಟಿಯ ಚೀಟಿಯಲ್ಲಿ ಇವೆರಡನ್ನೂ ಬರೆದು ಅಜ್ಜಿಯ ಕೈಗೇ ಕೊಟ್ಟಿದ್ದೇನೆ, ಆ ಮನೆಯಲ್ಲಿ ತಾರೀಖು ನೆನಪಿಡುವವರು ಅವರೇ.